ಸುಣ್ಣದ ಹೆಜ್ಜೆ

ರಾಮಪ್ರಸಾದ ತೋಟದ ಆಳು ಕುಕ್ಕಪ್ಪನ ಕಾಲಿನ ತಳೆ ಬಿಚ್ಚಿಸಿ ಅಡಿಕೆ ಮರ ಹತ್ತಿಸಿದ. ಕುಕ್ಕಪ್ಪ ಬಿದ್ದ. ಎಡ ಮೊಣಕಾಲು ತಿರುಚಿಕೊಂಡಿತು.

ಅರುವತ್ತೊಂದನೇ ಇಸವಿಯ ಬೇಸಗೆ. ಮರ್ಕಂಜದ ಧಣಿಗಳ ಮಗ ರಾಮಪ್ರಸಾದ ಮದ್ರಾಸಿನಲ್ಲಿ ಮನುಷ್ಯ ಚಲನೆಯ ಶಾಸ್ತ್ರ ಓದುತ್ತಿದ್ದ. ಮನುಷ್ಯ ಹೇಗೆ ನಡೆಯುತ್ತಾನೆ, ಬಾಗುತ್ತಾನೆ, ಹತ್ತುತ್ತಾನೆ ಎಂಬುದಕ್ಕೂ ಒಂದು ಪದವಿ ಉಂಟೆಂದು ಊರಿಗೆ ತಿಳಿದದ್ದೇ ಅವನಿಂದ. ಸ್ವತಃ ಅವನು ಗಾಡಿ ಕಟ್ಟಿಸದೆ ಸುಳ್ಯದ ಪೇಟೆಗೂ ಹೋದವನಲ್ಲ. ರಜೆಗೆ ಬರುವಾಗ ಅಳತೆಯ ಟೇಪು, ಕೋನ ಅಳೆಯುವ ಹಿತ್ತಾಳೆಯ ಪಟ್ಟಿ, ಸ್ಟಾಪ್‌ವಾಚು ತಂದಿದ್ದ.

ಎರಡು ಪಾದಗಳನ್ನೂ ಮರಕ್ಕೆ ಕಚ್ಚಿಸಿ ಹಿಡಿಯುವ ಹಗ್ಗದ ಬಳೆಯೇ ತಳೆ. ಅದಿದ್ದರೆ ಮೊಣಕಾಲಿನ ಸಹಜ ಚಲನೆ ಕಾಣುವುದಿಲ್ಲವಂತೆ.

"ತಳೆ ಇಲ್ಲದೆ ಯಾರು ಹತ್ತುದು, ಸಣ್ಣ ಧಣಿ?"

"ಶಾಸ್ತ್ರಕ್ಕೆ ಮಾರಾಯ. ಎರಡಾಳು ಎತ್ತರ ಸಾಕು."

ಸರಿಯಾಗಿ ಎರಡಾಳು ಎತ್ತರದಿಂದಲೇ ಕುಕ್ಕಪ್ಪ ಬಿದ್ದ. ಸ್ಟಾಪ್‌ವಾಚು ಒತ್ತಲು ರಾಮಪ್ರಸಾದ ಮರೆಯಲಿಲ್ಲ.

ಹತ್ತುವುದು ನಿಂತಿತೆಂದು ಶಾಸ್ತ್ರ ನಿಲ್ಲುತ್ತದೆಯೇ? ವಾರ ಕಳೆಯುವಷ್ಟರಲ್ಲಿ ಅವನು ಕುಕ್ಕಪ್ಪನ ಅಂಗಾಲಿಗೆ ಸುಣ್ಣ ಬಳಿಸಿ, ಸೆಗಣಿ ಸಾರಿಸಿದ ಅಂಗಳದಲ್ಲಿ ನಡೆಸಿದ. ಒಂದು ಹೆಜ್ಜೆ ಪೂರ್ತಿ, ಒಂದು ಅರೆಬರೆ. ಅಳೆದು ಬರೆದುಕೊಂಡು ಮದ್ರಾಸಿನ ರೈಲು ಹತ್ತಿದ. ಕುಕ್ಕಪ್ಪ ತಮ್ಮ ಡೊಂಬಯ್ಯನ ಹೆಗಲು ಹಿಡಿದು, ಎಲುಬು ಕೂರಿಸುವ ಜಾಲ್ಸೂರಿನ ಅಬೂಬಕರನಲ್ಲಿಗೆ ಹೋದ. ಎಣ್ಣೆ ತಿಕ್ಕಿ, ಬಿದಿರ ದಬ್ಬೆ ಕಟ್ಟಿ, ಅಬೂಬಕರ ಮೂರು ತಿಂಗಳಲ್ಲಿ ಕಾಲನ್ನು ನೆಟ್ಟಗೆ ಮಾಡಿ ಕಳಿಸಿದ.

ದಸರಾ ರಜೆಗೆ ರಾಮಪ್ರಸಾದ ದಪ್ಪ ಪ್ರಬಂಧದೊಂದಿಗೆ ಬಂದ. ಮರುದಿನ ಅವನ ಪ್ರೊಫೆಸರರೂ ಬರುವವರಿದ್ದರು. ಕುಕ್ಕಪ್ಪನ ನಡಿಗೆಯನ್ನು ಕಣ್ಣಾರೆ ನೋಡದೆ ಅವರು ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವಂತೆ.

"ಇಷ್ಟು ದೊಡ್ಡ ಪುಸ್ತಕದಲ್ಲಿ ನನ್ನದು ಎಂತ ಉಂಟು?" ಕುಕ್ಕಪ್ಪ ಕೇಳಿದ.

ರಾಮಪ್ರಸಾದ ಹೆಮ್ಮೆಯಿಂದಲೇ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಿದ: "ಮರ ಹತ್ತುವ ಈ ಜಾತಿಯವರಿಗೆ ಹುಟ್ಟಿನಿಂದಲೇ ಎಡಕ್ಕೆ ವಾಲುವ ನಡಿಗೆ. ಇದು ವಂಶದ ಗುಣ. ನೆಟ್ಟಗೆ ನಡೆಯಬೇಕಾದ ಪೊಲೀಸು, ಮಿಲಿಟರಿ ಕೆಲಸಗಳಿಗೆ ಇವರು ಆಗುವುದಿಲ್ಲ."

"ಹುಟ್ಟಿನಿಂದಲಾ? ನಾನು ಬಿದ್ದದ್ದು ಬೇಸಗೆಯಲ್ಲಿ ಅಲ್ವಾ?"

"ಅದು ಬೇರೆ ಅಧ್ಯಾಯ."

"ನಮ್ಮ ಡೊಂಬಯ್ಯ ಬರುವ ತಿಂಗಳು ಪೊಲೀಸು ಸೇರ್ಲಿಕ್ಕೆ ಮಂಗಳೂರಿಗೆ ಹೋಗುವವ. ಅಲ್ಲಿಯವರು ಇದನ್ನು ಓದಿದರೆ?"

"ಓದಲಿಕ್ಕೇ ಅಲ್ವಾ ಬರೆದದ್ದು! ಈಗ ನಡೆದು ತೋರಿಸು."

ಕುಕ್ಕಪ್ಪ ನಡೆದ. ರಾಮಪ್ರಸಾದನ ಮುಖ ಇಳಿಯಿತು.

"ಎಂತ ಮಾಡಿದೆ ಮಾರಾಯ! ಯಾರು ಸರಿ ಮಾಡ್ಲಿಕ್ಕೆ ಹೇಳಿದ್ದು? ನಾಳೆ ಅವರಿರುವ ಅರ್ಧ ಗಂಟೆ ಕುಂಟು. ಆಮೇಲೆ ಬೇಕಾದರೆ ಕುಣಿ."

ಕುಕ್ಕಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಧಣಿಗಳ ಮನೆಯಲ್ಲಿ ಆಳಿನ ಮೌನವನ್ನು ಒಪ್ಪಿಗೆ ಎಂದೇ ತಿಳಿಯುವುದು ವಾಡಿಕೆ.

ಮನುಷ್ಯ ಚಲನೆಯಲ್ಲಿ ಪಾರಂಗತರಾದ ಪ್ರೊಫೆಸರರನ್ನು ಅಂಗಳದ ನಾಲ್ಕು ಮೆಟ್ಟಿಲು ಹತ್ತಿಸಲು ಇಬ್ಬರು ಆಳುಗಳು ಬೇಕಾದರು. ಏದುಸಿರು ನಿಂತ ಮೇಲೆ ಅವರು ಸುಣ್ಣದ ಬಾಣಲೆಯತ್ತ ಬೆರಳು ತೋರಿಸಿದರು. ಜಗಲಿಯಲ್ಲಿ ಧಣಿಗಳು ಎಲೆಯಡಿಕೆ ತಟ್ಟೆಯೊಂದಿಗೆ ಕುಳಿತಿದ್ದರು. ಬೇಲಿಯಾಚೆ ಡೊಂಬಯ್ಯ ನಿಂತಿದ್ದ.

ಕುಕ್ಕಪ್ಪ ಸುಣ್ಣ ಮೆಟ್ಟಿ ನಡೆದ. ಒಂದು, ಎರಡು, ಮೂರು... ಏಳು ಹೆಜ್ಜೆ. ಏಳೂ ಪೂರ್ತಿ, ನೂಲು ಹಿಡಿದ ಹಾಗೆ ನೆಟ್ಟಗೆ.

ಪ್ರೊಫೆಸರರು ಪ್ರಬಂಧ ನೋಡಿದರು, ಅಂಗಳ ನೋಡಿದರು, ಮತ್ತೆ ಪ್ರಬಂಧ ನೋಡಿದರು.

"ಅವನಿಗೆ ನಾಚಿಕೆ ಸರ್," ಎಂದು ಇಂಗ್ಲಿಷಿನಲ್ಲಿ ಹೇಳಿದ ರಾಮಪ್ರಸಾದ, ಕುಕ್ಕಪ್ಪನ ಕಡೆ ತಿರುಗಿ ಹಲ್ಲು ಕಚ್ಚಿದ. "ನಿನ್ನೆ ಹೇಳಿದ್ದು ಮರೆತೆಯಾ? ವಾಪಸು ಬರುವಾಗ ಕುಂಟಿಕೊಂಡು ಬಾ!"

ಜಗಲಿಯಿಂದ ಧಣಿಗಳೂ ಗದರಿದರು: "ಕುಕ್ಕಪ್ಪ, ನಾಳೆ ತೋಟದಲ್ಲಿ ಕೆಲಸ ಬೇಕಾದರೆ ಹೇಳಿದ ಹಾಗೆ ನಡಿ."

ಕುಕ್ಕಪ್ಪ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಂತ.

"ಕುಂಟುದಿಲ್ಲ," ಅಂದ.