ಬಿಳಿ ಮುಖವಾಡಕ್ಕೆ ಹೊಡೆಯದವನು

ರಿತೇಶನಿಗೆ ಜಪಾನಿ ಭಾಷೆ ಬರುತ್ತಿರಲಿಲ್ಲ. ಅವನ ಊರು ಇನ್ನಂಜೆಯಲ್ಲಿ ಅದು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅದನ್ನೊಂದು ಕೊರತೆಯೆಂದು ಯಾರೂ ಎಣಿಸಿರಲಿಲ್ಲ. ಅದು ಕೊರತೆಯಾದದ್ದು ಅವನು ಮೂರನೇ ಕ್ಲಾಸಿನಲ್ಲಿದ್ದಾಗ, ದೋಹಾದಿಂದ ರಜೆಗೆ ಬಂದ ಸೋದರಮಾವ ಒಂದು ಹಳೆಯ ಪ್ಲೇಸ್ಟೇಷನ್ ಮತ್ತು ಮೂರು ಡಿಸ್ಕ್ ತಂದುಕೊಟ್ಟ ಮೇಲೆ. ಮಾವನ ರೂಮಿನಲ್ಲಿದ್ದ ಯಾರೋ ಊರಿಗೆ ಹೋಗುವಾಗ ಬಿಟ್ಟುಹೋದ ಸಾಮಾನು ಅದು. ಮೂರೂ ಡಿಸ್ಕ್ ಒಂದೇ ಗೇಮಿನ ಮೂರು ಭಾಗಗಳು. ಕವರಿನ ಮೇಲೆ ಇಂಗ್ಲಿಷಿನಲ್ಲಿ ‘ಸ್ಟೀಲ್ ಹೆರಾನ್’, ಅಂದರೆ ಉಕ್ಕಿನ ಕೊಕ್ಕರೆ, ಎಂದಿತ್ತು. ಒಳಗೆ ಎಲ್ಲರೂ ಮಾತಾಡುತ್ತಿದ್ದದ್ದು ಜಪಾನಿಯಲ್ಲಿ.

ಆಡುವುದಕ್ಕೆ ಭಾಷೆ ಬೇಡ. ಚೌಕದ ಗುಂಡಿ ಒತ್ತಿದರೆ ಕತ್ತಿ ಬೀಸುತ್ತದೆ, ವೃತ್ತ ಒತ್ತಿದರೆ ಪಕ್ಕಕ್ಕೆ ಉರುಳುತ್ತದೆ. ಇದನ್ನು ಕಲಿಯಲು ರಿತೇಶನಿಗೆ ಒಂದು ಬೆಳಗ್ಗೆ ಸಾಕಾಯಿತು. ತೊಂದರೆ ಇದ್ದದ್ದು ಎರಡು ಹೊಡೆದಾಟಗಳ ನಡುವೆ. ಅಲ್ಲಿ ಗುಂಡಿಗಳು ಕೆಲಸ ಮಾಡುವುದಿಲ್ಲ, ಸಿನಿಮಾದ ಹಾಗೆ ಕಥೆ ನಡೆಯುತ್ತದೆ. ಕೊಕ್ಕರೆಯ ತಲೆಯಂಥ ಲೋಹದ ಟೋಪಿ ಹಾಕಿಕೊಂಡ ನಾಯಕ ಮಳೆಯಲ್ಲಿ ನಿಂತು ಏನೋ ಹೇಳುತ್ತಾನೆ. ಯಾರೋ ಅಳುತ್ತಾರೆ. ಒಂದು ಕೋಟೆ ಉರಿಯುತ್ತದೆ. ಆಮೇಲೆ ಒಬ್ಬ ದೊಡ್ಡ ವೈರಿ ಬಂದು ಎದುರು ನಿಲ್ಲುತ್ತಾನೆ, ಅವನನ್ನು ಹೊಡೆಯಬೇಕು. ಯಾಕೆ ಹೊಡೆಯುವುದೆಂದು ಗೊತ್ತಿಲ್ಲದೆ ಹೊಡೆಯುವುದು ರಿತೇಶನಿಗೆ ಸರಿಬರಲಿಲ್ಲ.

“ಅಕ್ಕ, ಇವ ಎಂತ ಹೇಳ್ತಾನೆ?”

ಅಕ್ಕ ಚೈತಾಲಿ ಕಾಪುವಿನಲ್ಲಿ ಪಿಯುಸಿ ಓದುತ್ತಿದ್ದಳು. ಅವಳಿಗೂ ಜಪಾನಿ ಬಾರದು. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅವಳಿಗೆ ಇರಲಿಲ್ಲ.

“ಅವನ ಗದ್ದೆಯನ್ನು ಕೋಟೆಯವರು ನುಂಗಿದ್ದಾರಂತೆ. ಮನೆಗೆ ಬೆಂಕಿ ಕೊಟ್ಟು ತಂಗಿಯನ್ನು ಎತ್ತಿಕೊಂಡು ಹೋಗಿದ್ದಾರಂತೆ.”

“ಮತ್ತೆ?”

“ಮತ್ತೆಂತ, ನಾಯಿಯನ್ನು ಸಹ.”

ಹೀಗೆ ಶುರುವಾಯಿತು. ಪರದೆಯ ಮೇಲೆ ಬಾಯಿ ಆಡಿದಂತೆಲ್ಲ ಚೈತಾಲಿ ತುಳುವಿನಲ್ಲಿ ಅರ್ಥ ಹೇಳುತ್ತಿದ್ದಳು. ವೈರಿಗಳಿಗೆ ಹೆಸರನ್ನೂ ಅವಳೇ ಇಟ್ಟಳು. ಬಾಗಿಲು ಕಾಯುವ ಬೊಜ್ಜಿನವನು ಸರ್ವೋತ್ತಮ. ರೇಷನ್ ಅಂಗಡಿಯಲ್ಲಿ ಅದೇ ಹೆಸರಿನ, ಅದೇ ಹೊಟ್ಟೆಯವನೊಬ್ಬನಿದ್ದ. ಸೇತುವೆಯ ಮೇಲಿಂದ ಬಾಣ ಬಿಡುವ ಹೆಂಗಸು ಮನೋರಮಾ ಟೀಚರ್. ಎರಡು ಭಾಗ ಸೇರಿ ಅಂಥವರು ಆರು ಜನ, ಆರು ಹೆಸರು. ರಿತೇಶ ಆರು ಜನರನ್ನೂ ಕಾರಣ ತಿಳಿದು ಹೊಡೆದ. ಸರ್ವೋತ್ತಮನನ್ನು ಮಾತ್ರ ಬೇಕಾದ್ದಕ್ಕಿಂತ ಎರಡು ಪೆಟ್ಟು ಹೆಚ್ಚೇ ಹೊಡೆದ.

ಎರಡನೇ ಭಾಗದ ಕೊನೆಗೆ ಬಿಳಿ ಮುಖವಾಡದ ಒಂದು ಆಕೃತಿ ಬಂತು. ಅದು ಮಾತಾಡಲಿಲ್ಲ. ಕತ್ತಿ ಹಿಡಿದು ಸುಮ್ಮನೆ ನಿಂತಿತು. ಮರುದಿನ ಚೈತಾಲಿಗೆ ಕೆಮಿಸ್ಟ್ರಿ ಪರೀಕ್ಷೆ. ಟಿವಿ ಇದ್ದ ಚಾವಡಿಯಲ್ಲೇ ಓದಬೇಕು, ಗುಂಡಿಗಳ ಟಕಟಕ ಅವಳ ತಲೆಯೊಳಗೇ ಬಡಿಯುತ್ತಿತ್ತು.

“ಅಕ್ಕ, ಇದು ಯಾರು?”

“ತಂಗಿ.”

“ಯಾರ ತಂಗಿ?”

“ಅವಂದೇ. ಮುಖವಾಡ ಹಾಕಿ ಬುದ್ಧಿ ಕೆಡಿಸಿಟ್ಟಿದ್ದಾರೆ. ಅವಳಿಗೆ ಹೊಡೆದ್ರೆ ದೋಷ ಉಂಟು. ಈಗ ಬಂದ್ ಮಾಡು ಅದನ್ನು.”

ಬಂದ್ ಮಾಡಿಸುವುದಷ್ಟೇ ಅವಳಿಗೆ ಬೇಕಿತ್ತು. ಆದರೆ ಆ ಮನೆಯಲ್ಲಿ ದೋಷ ಎನ್ನುವುದು ತಮಾಷೆಯ ಮಾತಲ್ಲ. ಅದೇ ವರ್ಷ ಬಾವಿಯ ಕಟ್ಟೆ ಕುಸಿದಾಗ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ, ನಾಗನ ದೋಷ ಕಂಡು, ಅಪ್ಪ ಕೈಮುಗಿದು ತಂಬಿಲದ ಪೂಜೆ ಮಾಡಿಸಿದ್ದರು. ರಿತೇಶ ಅರಸಿನ ಕುಂಕುಮದ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ದೋಷ ಬಂದರೆ ಗಟ್ಟಿ ಕಲ್ಲಿನ ಕಟ್ಟೆಯೂ ಕುಸಿಯುತ್ತದೆಂದು ಕಣ್ಣಾರೆ ನೋಡಿದ್ದ.

ಆದ್ದರಿಂದ ಅವನು ಹೊಡೆಯಲಿಲ್ಲ. ಪರೀಕ್ಷೆ ಮುಗಿದ ಮೇಲೂ ಹೊಡೆಯಲಿಲ್ಲ. ಹೊಡೆಯದೆ ಗೆಲ್ಲುವ ಉಪಾಯವೊಂದು ಇದ್ದೇ ಇರಬೇಕೆಂದು ಅವನ ಲೆಕ್ಕ. ತಪ್ಪಿಸಿಕೊಳ್ಳುತ್ತಲೇ ಇದ್ದರೆ ಅವಳು ದಣಿಯಬಹುದು, ಮುಖವಾಡ ತಾನಾಗಿ ಜಾರಬಹುದು. ಅವಳು ದಣಿಯಲಿಲ್ಲ. ದಣಿದು ಒಂದು ಪೆಟ್ಟು ತಿನ್ನುತ್ತಿದ್ದದ್ದು ಇವನು, ಒಂದು ಪೆಟ್ಟಿಗೇ ಆಟ ಮುಗಿಯುತ್ತಿತ್ತು. ಮೂರನೇ ಡಿಸ್ಕನ್ನು ಅವನು ಹೊರಗೆ ತೆಗೆಯಲೇ ಇಲ್ಲ. ಎರಡನೆಯದು ಮುಗಿಯದೆ ಅದನ್ನು ಹಾಕಿದರೆ ತಂಗಿಯನ್ನು ಅಲ್ಲೇ ಬಿಟ್ಟು ಹೋದ ಹಾಗಾಗುತ್ತಿತ್ತು.

ಕಾರ್ಕಳದಲ್ಲಿ ಡಿಪ್ಲೊಮಾ ಮಾಡುವಾಗ ಪ್ಲೇಸ್ಟೇಷನ್ ಅವನ ಜೊತೆ ಹಾಸ್ಟೆಲಿಗೂ ಹೋಯಿತು. ಅಲ್ಲಿಯ ಹುಡುಗರು ಅಂಥ ಕೈಚಳಕ ಕಂಡಿರಲಿಲ್ಲ. ಮುಖವಾಡದವಳ ಕತ್ತಿ ಎಲ್ಲಿಂದ ಬಂದರೂ ಇವನು ಅಲ್ಲಿರುವುದಿಲ್ಲ. ಆದರೆ ಗೆಲ್ಲುವುದೂ ಇಲ್ಲ.

“ಇವ ಯುದ್ಧಕ್ಕೆ ಬಂದದ್ದಲ್ಲ ಮಾರಾಯ, ಡ್ಯಾನ್ಸಿಗೆ ಬಂದದ್ದು” ಎಂದು ರೂಮ್‌ಮೇಟ್ ಸುಕೇಶ್ ನಗುತ್ತಿದ್ದ. “ಒಂದು ಹೊಡಿ, ಸಾಯ್ತದೆ. ಹೆದರಿಕೆಯಾ?”

“ಬೆರಳು ನೋಯ್ತದೆ” ಎನ್ನುತ್ತಿದ್ದ ರಿತೇಶ.

ಡಿಪ್ಲೊಮಾ ಓದುವವನು ಹಾಸ್ಟೆಲಿನಲ್ಲಿ ಕೂತು ದೋಷದ ಮಾತೆತ್ತಲು ಆಗುತ್ತದೆಯೇ? ಅಕ್ಕನಿಗೆ ಜಪಾನಿ ಬಾರದೆಂದು ಅವನಿಗೆ ಅಷ್ಟೊತ್ತಿಗೆ ಗೊತ್ತಿತ್ತು. ಫೋನಿನಲ್ಲಿ ಹುಡುಕಿದರೆ ಕಥೆಯೆಲ್ಲ ಸಿಗುತ್ತದೆಂದೂ ಗೊತ್ತಿತ್ತು. ಹುಡುಕಲಿಲ್ಲ. ಚೌಕದ ಗುಂಡಿಯ ಮೇಲೆ ಹೆಬ್ಬೆರಳು ಹೋಗುತ್ತಿತ್ತು, ಒತ್ತುತ್ತಿರಲಿಲ್ಲ. ಅಷ್ಟರಲ್ಲಿ ಪ್ಲೇಸ್ಟೇಷನ್ನಿನ ಡಿಸ್ಕ್ ಓದುವ ಲೆನ್ಸ್ ಹೋಯಿತು, ಅದಕ್ಕೆ ಬಿಡಿಭಾಗ ಸಿಗಲಿಲ್ಲ.

ಈಗ ರಿತೇಶ ಕಾಪುವಿನ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡುತ್ತಾನೆ. ಚೈತಾಲಿ ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್, ಪರ್ಕಳದಲ್ಲಿ ರೂಮು. ಕಲ್ಯಾಣಪುರದ ರಾಯ್‌ಸ್ಟನ್ ಎಂಬವನು ಮಣಿಪಾಲದಲ್ಲಿ ಗೇಮಿಂಗ್ ಸೆಂಟರ್ ಇಟ್ಟಿದ್ದಾನೆ. ಅವನ ಕಂಟ್ರೋಲರುಗಳು ಕೆಟ್ಟರೆ ರಿಪೇರಿಗೆ ರಿತೇಶನ ಕೈಗೇ ಬರುವುದು. ಮೊನ್ನೆ ಹಾಗೆ ಬಂದಾಗ ಅವನು ಹೇಳಿದ:

“ಸ್ಟೀಲ್ ಹೆರಾನ್ ಮೂರೂ ಪಾರ್ಟ್ ಹೊಸತು ಮಾಡಿ ಬಿಟ್ಟಿದ್ದಾರೆ, ಗೊತ್ತುಂಟಾ? ಮಾತೆಲ್ಲ ಇಂಗ್ಲಿಷ್. ನಾನು ಮುಗಿಸಿದೆ. ಆ ಮಾಸ್ಕ್ ಉಂಟಲ್ಲ, ಅದರ ಒಳಗೆ—”

“ಹೇಳ್ಬೇಡ.” ರಿತೇಶ ಬೆಸುಗೆಯ ಕಡ್ಡಿ ಕೆಳಗಿಟ್ಟ. “ಭಾನುವಾರ ಬರ್ತೇನೆ. ಅಕ್ಕನನ್ನು ಕರ್ಕೊಂಡು ಬರ್ತೇನೆ.”

ಅಕ್ಕ ಯಾಕೆ ಎಂದು ರಾಯ್‌ಸ್ಟನ್ ಕೇಳಿದ. ಅವಳು ಹೇಳಿದ ಕಥೆ ನಿಜವೋ ಸುಳ್ಳೋ, ಅವಳ ಎದುರಿಗೇ ತಿಳಿಯಬೇಕೆಂದು ರಿತೇಶನಿಗೆ ಇತ್ತು. ಹೊಡೆಯಬಾರದೆಂದವಳು ಅವಳು. ಹೊಡೆಯಬಹುದೆಂದು ಹೇಳಬೇಕಾದವಳೂ ಅವಳೇ. ಅದನ್ನೆಲ್ಲ ರಾಯ್‌ಸ್ಟನ್‌ಗೆ ಹೇಳಲಾಗದೆ, “ಅವಳಿಗೆ ಇಷ್ಟ” ಎಂದುಬಿಟ್ಟ.

ಭಾನುವಾರ ಊಟವಾದ ಮೇಲೆ ಚೈತಾಲಿ ಬಂದಳು. ಬೆಳಗ್ಗಿನಿಂದ ಬಟ್ಟೆ ಒಗೆದು ಸುಸ್ತಾಗಿತ್ತು, ಸಂಜೆ ಡ್ಯೂಟಿ ಇತ್ತು. ಎಸಿ ಇದ್ದದ್ದು ನೋಡಿ ಮುಖ ಸ್ವಲ್ಪ ಅರಳಿತು.

“ಕೂತ್ಕೊಳ್ಳಿ ಅಕ್ಕ” ಎಂದು ರಾಯ್‌ಸ್ಟನ್ ಒಳ್ಳೆಯ ಕುರ್ಚಿ ಎಳೆದುಕೊಟ್ಟ. “ನೀವು ಸಹ ಆಡ್ತೀರಂತೆ?”

“ನಾನಾ? ಈ ತಮ್ಮನ ದೆಸೆಯಿಂದ ಬಂದದ್ದು.”

ರಾಯ್‌ಸ್ಟನ್ ತನ್ನ ಆಟ ತೆರೆದ. ಯಾವ ವೈರಿಯ ಜೊತೆ ಬೇಕಾದರೂ ನೇರ ಹೊಡೆದಾಡುವಂತೆ ಅದರಲ್ಲಿ ಒಂದು ಪುಟ ಇತ್ತು. ರಿತೇಶ ಓದಿದ. ಸರ್ವೋತ್ತಮನ ಚಿತ್ರದ ಕೆಳಗೆ ‘ಮೊದಲನೇ ಕ್ಯಾಪ್ಟನ್’ ಎಂದಿತ್ತು. ಮನೋರಮಾ ಟೀಚರ್ ‘ಎರಡನೇ ಕ್ಯಾಪ್ಟನ್’. ಆರನೆಯವನವರೆಗೂ ಹಾಗೆಯೇ, ಬಸ್ಸಿನ ಸೀಟಿನ ಹಾಗೆ ಬರೀ ನಂಬರು.

“ಇವರಿಗೆ ಹೆಸರಿಲ್ವಾ?”

“ಹೊಡಿಸಿಕೊಳ್ಳುವವರಿಗೆ ಎಂತಕ್ಕೆ ಹೆಸರು?” ಎಂದ ರಾಯ್‌ಸ್ಟನ್. ಏಳನೆಯದರ ಮೇಲೆ ಒತ್ತಿ ಕಂಟ್ರೋಲರನ್ನು ರಿತೇಶನ ಕೈಗೆ ಕೊಟ್ಟ.

ಬಿಳಿ ಮುಖವಾಡ ಬಂದು ನಿಂತಿತು. ಮೊದಲಿಗಿಂತ ನುಣ್ಣಗೆ, ಹೊಳಪಾಗಿ. ಆದರೆ ನಿಲ್ಲುವ ರೀತಿ ಅದೇ, ಎಡ ಭುಜ ಸ್ವಲ್ಪ ಕೆಳಗೆ. ರಿತೇಶನ ಬೆರಳುಗಳಿಗೆ ಎಲ್ಲ ನೆನಪಿತ್ತು. ಕತ್ತಿ ಬಂತು, ಅವನು ಉರುಳಿದ. ಮತ್ತೆ ಬಂತು, ಅವನು ಇರಲಿಲ್ಲ.

“ಎಂತ ಓಡಾಟ ಮಾರಾಯ!” ರಾಯ್‌ಸ್ಟನ್ ಬಗ್ಗಿ ನೋಡಿದ. “ಒಂದು ಪೆಟ್ಟು ಸಹ ತಾಗ್ಲಿಲ್ಲ ನಿನಗೆ. ಈಗ ಹೊಡಿ. ಹೊಡಿಯೋ!”

“ಅಕ್ಕ, ಹೊಡೆಯಲಾ?”

“ಮತ್ತೆಂತ, ಆರತಿ ಎತ್ತುವುದಾ?”

“ನೀನು ಹೇಳಿದ್ದಿ ಅಲ್ವಾ. ಇದು ಅವನ ತಂಗಿ, ಹೊಡೆದ್ರೆ ದೋಷ ಅಂತ.”

“ನಾನಾ? ಯಾವಾಗ?”

ರಿತೇಶ ಪರದೆ ಬಿಟ್ಟು ಅವಳ ಮುಖ ನೋಡಿದ. ಬೆರಳುಗಳು ತಮ್ಮ ಪಾಡಿಗೆ ತಪ್ಪಿಸಿಕೊಳ್ಳುತ್ತಲೇ ಇದ್ದವು. ಅವಳು ತಮಾಷೆ ಮಾಡುತ್ತಿರಲಿಲ್ಲ, ಏನನ್ನೂ ಮುಚ್ಚಿಡುತ್ತಲೂ ಇರಲಿಲ್ಲ. ಅವಳಿಗೆ ನೆನಪಿರಲಿಲ್ಲ, ಅಷ್ಟೇ. ಕೆಮಿಸ್ಟ್ರಿ ಪರೀಕ್ಷೆಗೆ ಓದಿದ್ದು ಮರೆತ ಹಾಗೆ ಇದನ್ನೂ ಮರೆತಿದ್ದಳು.

“ಚಾವಡಿಯಲ್ಲಿ” ಎಂದ. “ಮಾವ ತಂದ ಗೇಮಿನಲ್ಲಿ.”

“ನೀನು ಅದನ್ನು ಆಡ್ತಿದ್ದದ್ದು ನೆನಪುಂಟು. ಟಿವಿ ಬಿಡ್ತಿರ್ಲಿಲ್ಲ. ಹೊಡಿ ಈಗ, ನನಗೆ ಡ್ಯೂಟಿ ಉಂಟು.”

ರಿತೇಶ ಚೌಕದ ಗುಂಡಿ ಒತ್ತಿದ. ಕಷ್ಟವೇನೂ ಆಗಲಿಲ್ಲ. ಅದರ ಪ್ರತಿ ಹೆಜ್ಜೆಯೂ ಅವನಿಗೆ ಗೊತ್ತಿತ್ತು, ಎಲ್ಲಿ ಸಂದು ಬಿಡುತ್ತದೆಂದು ಚಿಕ್ಕಂದಿನಿಂದ ನೋಡಿಕೊಂಡೇ ಬಂದಿದ್ದ. ಆ ಸಂದುಗಳಲ್ಲೆಲ್ಲ ಈಗ ಕತ್ತಿ ಹಾಕಿದ. ಆಕೃತಿ ಮೊಣಕಾಲೂರಿತು, ಮುಖವಾಡ ಎರಡು ಹೋಳಾಗಿ ಬಿತ್ತು.

ಒಳಗೆ ಇದ್ದವನು ಐವತ್ತು ದಾಟಿದ ಗಂಡಸು. ನರೆತ ಮೀಸೆ, ಕೆನ್ನೆಯ ಮೇಲೊಂದು ಗಾಯದ ಗುರುತು.

“ಈ ತಿಂಗಳ ಕೊನೆಯವರೆಗೆ ನನಗೆ ಸಂಬಳ ಕೊಟ್ಟಿದ್ದರು” ಎಂದ ಅವನು ಇಂಗ್ಲಿಷಿನಲ್ಲಿ.

“ನನಗೂ” ಎಂದ ಕೊಕ್ಕರೆ ಟೋಪಿಯ ನಾಯಕ. ಕತ್ತಿ ಒರೆಸಿಕೊಂಡು ಹೊರಟ.

“ಅಷ್ಟೆಯಾ?” ಎಂದ ರಿತೇಶ.

“ಅಷ್ಟೆ” ಎಂದ ರಾಯ್‌ಸ್ಟನ್. “ಹೀರೋ ಸಹ ಕೂಲಿಗೆ ಬಂದವ ಅಲ್ವಾ.”

“ಅವನ ಗದ್ದೆ?”

“ಎಂತ ಗದ್ದೆ?”

“ತಂಗಿ ಮೂರನೇ ಪಾರ್ಟಿನಲ್ಲಿ ಬರ್ತಾಳಾ?”

“ಮೂರರಲ್ಲಿಯೂ ತಂಗಿ ಇಲ್ಲ ಮಾರಾಯ. ಯಾರು ಹೇಳಿದ್ದು ನಿನಗೆ?”

“ನಾಯಿ?”

ರಾಯ್‌ಸ್ಟನ್ ಚೈತಾಲಿಯ ಕಡೆ ತಿರುಗಿದ. “ಇವನಿಗೆ ಊಟ ಹಾಕಿದ್ದೀರಿ ಅಲ್ವಾ ಅಕ್ಕ?”

ಚೈತಾಲಿ ನಗಲಿಲ್ಲ. ಪರದೆಯಲ್ಲಿ ಬಿದ್ದಿದ್ದ ಮೀಸೆಯವನನ್ನೇ ನೋಡುತ್ತಿದ್ದಳು. “ಎಂತ ಕಥೆ ಇದು? ಸಂಬಳಕ್ಕೆ ಹೊಡೆದಾಡುವುದು ನೋಡಲಿಕ್ಕೆ ಇಲ್ಲಿಗೆ ಬರಬೇಕಾ, ನಮ್ಮ ಲ್ಯಾಬಿನಲ್ಲಿ ದಿನಾ ಉಂಟು. ಮುಖವಾಡದ ಒಳಗೆ ಅವನ ಮನೆಯವರು ಯಾರಾದ್ರೂ ಇರಬೇಕಿತ್ತು. ಒಬ್ಬಳು ತಂಗಿಯೋ ಎಂತದೋ. ಆಗ ಇವನಿಗೆ ಹೊಡೀಲಿಕ್ಕೆ ಕೈ ಬರ್ತಿರ್ಲಿಲ್ಲ.”

ಅದು ಆಗಷ್ಟೇ ಹೊಳೆದ ಹಾಗೆ ಹೇಳಿದಳು. ನಿಜವಾಗಿ ಆಗಷ್ಟೇ ಹೊಳೆದದ್ದು.

“ಹೌದು” ಎಂದ ರಿತೇಶ. “ಬರ್ತಿರ್ಲಿಲ್ಲ.”

ಚೈತಾಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ರಾಯ್‌ಸ್ಟನ್‌ಗೆ ಬರ್ತೇನೆ ಎಂದು ಹೇಳಿ ಮೆಟ್ಟಿಲಿಳಿದಳು. ರಾಯ್‌ಸ್ಟನ್ ಮೂರನೇ ಭಾಗ ಹಾಕಿಕೊಟ್ಟ. ಮಳೆ ಸುರಿಯಿತು, ಒಂದು ಹಡಗು ದಡಕ್ಕೆ ಬಂತು, ಕೊಕ್ಕರೆ ಟೋಪಿಯವನು ಏನೋ ಹೇಳಲು ಬಾಯಿ ತೆರೆದ. ಹೊಸ ಆಟದಲ್ಲಿ ಕಥೆಯನ್ನು ದಾಟಿ ಹೋಗಲು ಒಂದು ಗುಂಡಿ ಇಟ್ಟಿದ್ದಾರೆ. ರಿತೇಶ ಅದನ್ನು ಒತ್ತಿದ. ಮೊದಲ ವೈರಿ ಎದುರು ಬಂದು ಕತ್ತಿ ಎತ್ತುವ ಮೊದಲೇ ಹೊಡೆದು ಕೆಡವಿದ.

ಆ ಭಾನುವಾರ ಮಣಿಪಾಲದಲ್ಲಿ ಕಳೆದುಹೋದದ್ದು ಇಷ್ಟು: ಒಬ್ಬಳು ತಂಗಿ, ಒಂದು ಗದ್ದೆ, ಒಂದು ನಾಯಿ, ಆರು ಹೆಸರು.