ಎತ್ತದ ಕರೆಯ ಗುರುತು

ನಾನು ಒಂದು ಹಾರ್ಡ್ ಡಿಸ್ಕ್. ಯಾವುದೋ ದೂರದೇಶದ ಕಾರ್ಖಾನೆಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಒಂದು ಮೊಬೈಲ್ ಕಂಪನಿಯ ತಣ್ಣನೆಯ ಕೋಣೆ ಸೇರಿದೆ. ಯಾರು ಯಾರಿಗೆ ಫೋನು ಮಾಡಿದರು, ಯಾವ ಟವರಿನ ಹತ್ತಿರ ನಿಂತು ಮಾಡಿದರು, ಇಷ್ಟನ್ನು ಬರೆದಿಡುವುದು ನನ್ನ ಕೆಲಸ. ಫೋನಿನಲ್ಲಿ ಆಡಿದ ಮಾತು ನನಗೆ ಗೊತ್ತಿಲ್ಲ.

ದಿನಾ ಸಂಜೆ ಗುಳೇದಗುಡ್ಡದಿಂದ ನರಗುಂದಕ್ಕೆ ಒಂದು ಮಿಸ್ಡ್ ಕಾಲ್ ಹೋಗುತ್ತಿತ್ತು. ಒಂದೇ ರಿಂಗು, ಆಮೇಲೆ ಕಟ್. ಗಂಡನ ಹೊಡೆತ ತಾಳದೆ ಓಡಿಬಂದು ಮಗ್ಗದ ಮನೆಯೊಂದರಲ್ಲಿ ಅಡಗಿದ್ದ ನೀಲವ್ವ, ಬದುಕಿದ್ದೇನೆ ಎಂದು ತಾಯಿಗೆ ತಿಳಿಸುವ ರೀತಿ ಅದು. ಎತ್ತದ ಫೋನಿನ ಗುರುತು ಎಲ್ಲೂ ಉಳಿಯುವುದಿಲ್ಲ ಎಂದು ತಾಯಿ ಮಗಳು ನಂಬಿದ್ದರು. ಇದೆಲ್ಲ ನನಗೆ ಆಮೇಲೆ ಕೋರ್ಟಿನ ಮೇಜಿನ ಮೇಲೆ ಕೂತು ಕೇಳಿ ತಿಳಿದದ್ದು. ಆಗ ಬಂದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ, ಅಷ್ಟೇ.

ನಮ್ಮ ಕಂಪನಿಯಲ್ಲಿ ಕೆಲಸಕ್ಕಿದ್ದ ಚನ್ನವೀರ ಆ ಗಂಡನಿಗೆ ಚಿಕ್ಕಪ್ಪನ ಮಗ. ಒಂದು ದಿನ ಅವನನ್ನು ಒಳಗೇ ಕರೆತಂದ.

"ನಿಮ್ಮ ಅತ್ತಿ ನಂಬರ್ ಹೇಳಣ್ಣಾ," ಎಂದು ನನ್ನನ್ನು ಕೆದಕಿದ. "ವೈನಿ ಗುಳೇದಗುಡ್ಡದಾಗ ಕುಂತಾಳ ನೋಡು. ಹೊಂಟಿದ್ರ ನಮ್ಮಾಕಿಗೂ ಕುಬಸಕ್ಕ ಒಂದು ಖಣ ತೊಗೊಂಡು ಬಾ."

ಇಬ್ಬರೂ ನಕ್ಕರು.

ಮರುದಿನದಿಂದ ಗುಳೇದಗುಡ್ಡದ ರಿಂಗು ನಿಂತಿತು. ನರಗುಂದದಿಂದ ತಾಯಿಯೇ ಮಾಡತೊಡಗಿದಳು. ಎತ್ತುವವರಿಲ್ಲ. ಬರೆದುಕೊಂಡೆ, ಬರೆದುಕೊಂಡೆ. ಕಡೆಗೆ ಆ ನಂಬರೂ ಸುಮ್ಮನಾಯಿತು.

ಗಂಡ ಹುಡುಕಿಬಂದು ಹೊಡೆದುಹಾಕಿದ್ದರೂ ನೀಲವ್ವ ಸಾಯಲಿಲ್ಲ. ಆಸ್ಪತ್ರೆಯಿಂದ ಎದ್ದು ಬರುವಷ್ಟರಲ್ಲಿ ತಾಯಿ ಮಣ್ಣಾಗಿದ್ದಳು. ಅವಳು ಕೋರ್ಟಿಗೆ ಹೋದಳು. ಗಂಡನಿಗೂ ಚನ್ನವೀರನಿಗೂ ಜೈಲಾಯಿತು. ಸಾಕ್ಷಿಯಾಗಿ ನನ್ನ ಕೆಲಸ ಮುಗಿದ ಮೇಲೆ ಜಡ್ಜು ಹೇಳಿದರು: ಜನರ ಫೋನಿನ ಗುರುತು ಕೋರ್ಟಿನ ಅಪ್ಪಣೆಯಿಲ್ಲದೆ ಯಾರ ಕೈಗೂ ಹೋಗಬಾರದು, ಅವಧಿ ಮೀರಿದ್ದನ್ನು ಇಟ್ಟುಕೊಳ್ಳಬಾರದು, ಈ ಡಿಸ್ಕನ್ನು ಅವಳ ಕಣ್ಣೆದುರೇ ಒಡೆಯಬೇಕು.

ನನ್ನನ್ನು ಒಡೆಯುವ ದಿನ ನೀಲವ್ವ ಬಂದಳು. ಅವಳ ಎಡಗೈ ಮಡಚಲು ಬರುತ್ತಿರಲಿಲ್ಲ.

"ನಮ್ಮವ್ವ ಆಮ್ಯಾಲ ಫೋನ್ ಮಾಡಿದ್ಳೇನ್ರಿ?"

"ತಗದು ತೋರಿಸ್ಲೇನಕ್ಕಾ? ಒಡದ ಮ್ಯಾಲ ಸಿಗೂದಿಲ್ಲ. ನಾ ಯಾರಿಗೂ ಹೇಳೂದಿಲ್ಲ," ಎಂದ ಸುತ್ತಿಗೆ ಹಿಡಿದ ಎಂಜಿನಿಯರ್.

ಅವಳು ನನ್ನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಅವಂಗೂ ಹಿಂಗ ತಗದು ತೋರಿಸಿದ್ರಿ. ಬ್ಯಾಡ. ಊರ ಮಂದೀದೆಲ್ಲಾ ಐತಿ ಇದರಾಗ. ಹೊಡೀರಿ."

ಈಗ ಗುಜರಿ ಅಂಗಡಿಯ ಮೂಲೆಯಲ್ಲಿ ಚೂರಾಗಿ ಬಿದ್ದಿದ್ದೇನೆ. ಅವಳು ಮಾಡಿದ್ದೇ ಸರಿ. ಆದರೂ ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ: ನಿನ್ನವ್ವನ ಕಡೇ ಫೋನು ಒಂದೇ ರಿಂಗಿಗೆ ಕಟ್ಟಾಗಲಿಲ್ಲ ತಂಗೀ, ತಾನಾಗಿ ನಿಲ್ಲುವ ತನಕ ಬಡಿದುಕೊಂಡಿತು. ಆ ಗುರುತು ನನ್ನ ಯಾವ ಚೂರಿನಲ್ಲಿದೆಯೋ ತಿಳಿಯದು. ಅಂಗಡಿ ಸುಮ್ಮನಾದಾಗ ಆ ರಿಂಗು ನನ್ನೊಳಗೆ ಇನ್ನೂ ಬಡಿದುಕೊಳ್ಳುತ್ತದೆ.