ಹಳೆಯ ಧೋತರದ ತುಂಡು

“ಇದೊಂದ ಮುಗಿಸಿ ಹೊಂಡು,” ಎಂದು ಅತ್ತೆ ಸಕ್ಕುಬಾಯಿ ಮೂರನೆಯ ರೇಷ್ಮೆ ಸೀರೆಯನ್ನು ಚಾಪೆಯ ಮೇಲಿಟ್ಟಾಗ ಸೀಮಾ ತಲೆ ಎತ್ತಲಿಲ್ಲ. ಎರಡನೆಯದನ್ನು ಇಡುವಾಗಲೂ ಅತ್ತೆ ಇದೇ ಮಾತು ಹೇಳಿದ್ದಳು. ಹೊರಗೆ ಕಟ್ಟೆಯ ಮೇಲೆ ಅಣ್ಣ ಸತ್ಯಪ್ಪ ಕೂತಿದ್ದ. ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಏಕಸಂಬಿಯಿಂದ ಬೆಳಿಗ್ಗೆಯೇ ಮೋಟಾರ್‌ಸೈಕಲ್ ಮೇಲೆ ಹೊಳೆ ದಾಟಿ ಸತ್ತಿ ಊರಿಗೆ ಬಂದವನು ಚಹಾ ಕುಡಿದ, ಊಟ ಮಾಡಿದ, ಮತ್ತೆ ಚಹಾ ಕುಡಿದ. ಈಗ ಮಾವ ಮುರಗೆಪ್ಪನ ಜೊತೆ ಕಬ್ಬಿನ ಮಾತೂ ಮುಗಿದು ಸುಮ್ಮನೆ ಹೊಳೆಯ ಕಡೆ ನೋಡುತ್ತಿದ್ದ.

“ಸೀಮಾ, ಲಗೂ ಮಾಡವಾ,” ಎಂದು ಅಲ್ಲಿಂದಲೇ ಕೂಗಿದ. “ಕೊಲ್ಹಾಪುರ ಕಡೆ ಮಳಿ ಜೋರ ಐತಿ. ಬ್ರಿಜ್ ಮ್ಯಾಲ ನೀರ ಬರಾಕತ್ತೈತಿ ಅಂತ. ಯಾವಾಗ ಬಂದ್ ಮಾಡ್ತಾರೋ ಹೇಳಾಕ ಬರೂದಿಲ್ಲ.”

“ಬಂದೆ ಅಣ್ಣಾ.”

ಅವಳ ಚೀಲ ನಸುಕಿನಿಂದಲೇ ಬಾಗಿಲ ಹಿಂದೆ ಸಿದ್ಧವಾಗಿತ್ತು. ಹೋದ ಪಂಚಮಿಗೂ ಅದರ ಹಿಂದಿನ ಪಂಚಮಿಗೂ ಸತ್ಯಪ್ಪ ಬಂದು ಒಬ್ಬನೇ ತಿರುಗಿ ಹೋಗಿದ್ದ. ಈ ಸಲವೂ ಹಾಗಾದರೆ ಇನ್ನು ಕರೆಯಲು ಕಳಿಸುವುದಿಲ್ಲ ನೋಡಿ ಎಂದು ಅತ್ತಿಗೆ ಫೋನಿನಲ್ಲಿ ನಗುತ್ತ ಹೇಳಿದ್ದಳು. ನಗುತ್ತ ಹೇಳಿದ ಮಾತೇ ಹೆಚ್ಚು ನಾಟುತ್ತದೆ. ಗಂಡ ಮಲ್ಲೇಶನನ್ನು ಕೇಳಿದರೆ, “ಅವ್ವನ್ನ ಕೇಳು,” ಎಂದು ತೋಟದ ದಾರಿ ಹಿಡಿದಿದ್ದ.

ಯಾರನ್ನು ಬೈದು ಏನು ಪ್ರಯೋಜನ? ತಪ್ಪೆಲ್ಲ ಅವಳ ಕೈಯದೇ. ಮದುವೆಯಾದ ವರ್ಷ ನಾದಿನಿ ನೀಲಮಳ ಪೈಠಣಿ ರೇಷ್ಮೆ ಸೀರೆಯ ಮೇಲೆ ಸಾರು ಚೆಲ್ಲಿತ್ತು. ಈ ಮನೆಯ ಬೋರಿನ ನೀರು ಸವುಳು. ಅದರಲ್ಲಿ ಅದ್ದಿದ ರೇಷ್ಮೆ ಒಣಗಿದ ಮೇಲೆ ಬಿಳಿ ಬಿಳಿ ಪಟ್ಟೆ ಹೊಡೆದುಕೊಳ್ಳುತ್ತದೆ. ಹೊಸ ಸೊಸೆ ತಗಡಿನಿಂದ ಇಳಿದ ಮಳೆನೀರು ಹಿಡಿದಳು. ಅಂಟವಾಳದ ನೊರೆಯಲ್ಲಿ ಸೀರೆ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಒಳಮೈ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ, ಇನ್ನೂ ತುಸು ಹಸಿ ಇರುವಾಗಲೇ ಇಸ್ತ್ರಿ ಮಾಡಿದಳು. ಸೀರೆ ಈಗಷ್ಟೇ ಅಂಗಡಿಯಿಂದ ತಂದಂತಾಯಿತು. ಅಂದಿನಿಂದ ಬೀಗರ ರೇಷ್ಮೆ, ಬೀಗರ ಬೀಗರ ರೇಷ್ಮೆ ಎಲ್ಲವೂ ಸತ್ತಿಯ ದಾರಿ ಹಿಡಿಯಿತು. ಚೆನ್ನಾಗಿ ಎಳೆಯುವ ಎತ್ತಿನ ಗಾಡಿಗೇ ಇನ್ನೆರಡು ಹೊರೆ ಕಬ್ಬು ಹೇರುವುದು ಈ ಕಡೆಯ ಪದ್ಧತಿ.

ನೀಲಮ ಶೇಂಗಾ ಉಂಡಿ ತಿನ್ನುತ್ತ ಒಳಗೆ ಬಂದಳು. ಪಂಚಮಿಗೆಂದು ಗಂಡನ ಮನೆಯಿಂದ ನಿನ್ನೆಯೇ ಬಂದಿದ್ದಳು, ಸೀರೆಯ ಗಂಟಿನ ಸಮೇತ. ಹಬ್ಬಕ್ಕೆ ಬಂದ ಮಗಳ ಸೀರೆಗೆ ಹಬ್ಬಕ್ಕೆ ಹೋಗಬೇಕಾದ ಸೊಸೆಯ ಕೈಯೇ ಬೇಕಾಗಿತ್ತು.

“ವೈನಿ, ಅದು ನಮ್ಮತ್ತಿದ್ರಿ. ಬ್ಯಾರೆಯವರ ಕೈಯಾಗ ಕೊಡೂದೇ ಇಲ್ಲ ಅಂತಾರ್ರಿ. ನಿಮ್ಮ ಕೈ ಅಂದ್ರ ಕೈ ಅಂತ. ಇನ್ನೊಂದ ನಾಳಿ ಹಾಲೆರಿಯಾಕ ನಾ ಉಡೂದೈತಿ, ಅದನ್ನೂ ಕೊಡ್ಲೇನ್ರಿ?”

ಉತ್ತರಕ್ಕೆ ಕಾಯದೆ ತರಲು ಹೋದಳು.

ಸೀಮಾ ಸೀರೆ ಹಾಸಿ, ನಿರಿಗೆ ಬಿಡಿಸಿ ಸಪಾಟು ಮಾಡಿದಳು. ಆಗ ಆ ಯೋಚನೆ ಬಂತು. ಒಂದು ಸೀರೆ ಸುಟ್ಟರೆ ಸಾಕು. ಸೆರಗಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಬೈಯುತ್ತಾರೆ, ಬೈಯಲಿ. ಆಮೇಲೆ ಯಾವ ಬೀಗರೂ ಗಂಟು ಕಳಿಸುವುದಿಲ್ಲ. ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು, ಆದರೆ ಬೆರಳು ಇಸ್ತ್ರಿಯ ತಿರುಗಣಿಯನ್ನು ರೇಷ್ಮೆಯ ಗುರುತು ದಾಟಿಸಿ, ಹತ್ತಿಯ ಗುರುತನ್ನೂ ದಾಟಿಸಿ, ಕೊನೆಗೆ ಒಯ್ದು ನಿಲ್ಲಿಸಿತು. ಕೆಂಪು ದೀಪ ಹತ್ತಿತು. ಅದು ಆರುವವರೆಗೂ ಕಾದಳು. ಕಣ್ಣು ಮುಚ್ಚಿ ಇಸ್ತ್ರಿಯನ್ನು ಸೆರಗಿನ ಮೇಲೆ ಊರಿದಳು.

ಸುಟ್ಟ ವಾಸನೆ ಬಂತು. ಇಸ್ತ್ರಿ ಎತ್ತಿ ಕಣ್ಣು ತೆರೆದಳು.

ಮಾವನ ಹಳೆಯ ಧೋತರದ ತುಂಡಿನ ಮೇಲೆ ಇಸ್ತ್ರಿಯ ಆಕಾರದ ಕಂದು ಗುರುತು ಬಿದ್ದಿತ್ತು. ರೇಷ್ಮೆಯ ಮೇಲೆ ಯಾವಾಗಲೂ ಹೊದಿಸಿಯೇ ಇಸ್ತ್ರಿ ಆಡಿಸುತ್ತಿದ್ದ ಆ ತುಂಡನ್ನು, ಕಣ್ಣು ಮುಚ್ಚಿದಾಗ ಎಡಗೈ ತಾನಾಗಿ ಹೊದಿಸಿಬಿಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ತುಂಡನ್ನು ಸರಿಸಿದಳು. ಕೆಳಗೆ ಜರಿಯ ನವಿಲು ಒಂದು ಗರಿಯೂ ಕೆಡದೆ ಹೊಳೆಯುತ್ತಿತ್ತು.

“ಏನ ಸುಟ್ಟಿತವಾ?” ಎಂದು ಸಕ್ಕುಬಾಯಿ ಓಡಿ ಬಂದಳು. ಧೋತರದ ತುಂಡು ಎತ್ತಿ ನೋಡಿ, ಸೀರೆಯ ಮೇಲೆ ಅಂಗೈ ಸವರಿ, ಉಸಿರು ಬಿಟ್ಟಳು. “ನೀಲವ್ವಾ, ಬಾ ಇಲ್ಲಿ, ನೋಡು! ಬ್ಯಾರೆಯವರಾಗಿದ್ರ ಇವತ್ತ ಸೀರಿ ಹೋಗೇ ಹೋಗತಿತ್ತು. ನಮ್ಮ ಸೀಮಾ ಅದಾಳಂತ ಉಳೀತು.”

ಸೊಸೆಯ ನೆತ್ತಿ ಸವರಿದಳು. ಆ ಕೈಯಲ್ಲಿ ನಿಜವಾದ ಪ್ರೀತಿ ಇತ್ತು. ಒಂದು ಏಟು ಕೊಟ್ಟಿದ್ದರೂ ಸೀಮಾಗೆ ಅಷ್ಟು ಅಳು ಬರುತ್ತಿರಲಿಲ್ಲ.

“ಸೀಮಾ,” ಹೊರಗಿನಿಂದ ಸತ್ಯಪ್ಪನ ದನಿ. ಈಗ ಅದರಲ್ಲಿ ಅವಸರ ಇರಲಿಲ್ಲ. “ಬ್ರಿಜ್ ಬಂದ್ ಮಾಡಾಕತ್ತಾರಂತ ಫೋನ್ ಬಂತವಾ. ಬರ್ತೀಯೇನ, ನಾ ಹೋಗ್ಲೇನ?”

ಅವಳು ಬಾಯಿ ತೆರೆದಳು. ಬಾಗಿಲಲ್ಲಿ ನೀಲಮ ನಾಲ್ಕನೆಯ ಸೀರೆ ಹಿಡಿದು ನಿಂತಿದ್ದಳು.

“ನೀವು ಹೊಂಡ್ರಿ ತಮ್ಮಾ, ನೀರಿನ ಕೂಡ ಹುಡುಗಾಟ ಬ್ಯಾಡ,” ಎಂದಳು ಸಕ್ಕುಬಾಯಿ. “ಮುಂದಿನ ವರ್ಷ ಖರೇನ ಕಳಸ್ತೀನಿ. ನಿಲ್ರಿ, ನಿಮ್ಮ ಅವ್ವಗ ಉಂಡಿ ಕಟ್ಟಿಕೊಡ್ತೀನಿ.”

ಮೋಟಾರ್‌ಸೈಕಲ್ ಶುರುವಾಯಿತು. ಅದರ ಸದ್ದು ಓಣಿ ದಾಟಿ ಹೊಳೆಯ ಸದ್ದಿನಲ್ಲಿ ಬೆರೆಯುವವರೆಗೂ ಸೀಮಾ ಇಸ್ತ್ರಿ ಹಿಡಿದೇ ಕೂತಿದ್ದಳು.

ಸಕ್ಕುಬಾಯಿ ಒಳಗೆ ಹೋಗಿ ಗಂಡನ ಇನ್ನೊಂದು ಹಳೆಯ ಧೋತರ ತಂದಳು. ಪರ್ರನೆ ಹರಿದು, ಅರ್ಧವನ್ನು ಸೊಸೆಯ ತೊಡೆಯ ಮೇಲಿಟ್ಟಳು.

“ಇದು ಮೆತ್ತಗೈತಿ ನೋಡು. ವರ್ಷಾನಗಟ್ಲೆ ಬರ್ತೈತಿ.”

ಸೀಮಾ ತಿರುಗಣಿಯನ್ನು ರೇಷ್ಮೆಯ ಗುರುತಿಗೆ ತಂದಳು. ಹೊಸ ತುಂಡನ್ನು ಸೆರಗಿನ ಮೇಲೆ ಹಾಸಿ, ಬಟ್ಟಲಿನಲ್ಲಿ ಬೆರಳು ಅದ್ದಿ, ಅದರ ಮೇಲೆ ನೀರು ಚಿಮುಕಿಸಿದಳು.